ಹಳೇ ಫೋನನ್ನೇ ಬೀಗವಿರುವ ಪೆನ್‌ಡ್ರೈವ್ ಮಾಡಿಕೊಳ್ಳಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹಳ್ಳಿಗಳಿಗೆ ಹೋಗಿ ಹೆಂಗಸರ ಬದುಕಿನ ಕಥೆಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಮನೆಯೊಳಗಿನ ಹೊಡೆತ, ಜಮೀನಿನ ಜಗಳ, ಯಾರಿಗೂ ಹೇಳದ ಮಾತುಗಳನ್ನು ನಂಬಿಕೆಯಿಂದ ನನಗೆ ಹೇಳಿದ್ದಾರೆ. ಎಲ್ಲವೂ ಒಂದು ಪೆನ್‌ಡ್ರೈವ್‌ನಲ್ಲಿದೆ. ಬಸ್ಸಿನಲ್ಲಿ ಕಳೆದರೆ ಗತಿಯೇನು ಎಂಬ ಭಯ. ಪ್ರಿಂಟ್ ತೆಗೆಸಲು ಹೋದಾಗಲೆಲ್ಲ ಅದಕ್ಕೆ ವೈರಸ್ ಬೇರೆ ಅಂಟುತ್ತದೆ. ಮನೆಯಲ್ಲಿ ಹಳೆಯ ಪೋಕೋ ಎಫ್1 ಫೋನೊಂದು ಸುಮ್ನೆ ಬಿದ್ದಿದೆ. ಅದಕ್ಕೆ ಆಂಡ್ರಾಯ್ಡ್ ಬದಲು ಲಿನಕ್ಸ್ ಹಾಕಿ ಇದಕ್ಕೇ ಬಳಸಬಹುದು ಅಂತ ಮಗ ಹೇಳುತ್ತಾನೆ. ನಿಜವೇ? ಪೆನ್‌ಡ್ರೈವ್‌ಗೇ ಪಾಸ್‌ವರ್ಡ್ ಹಾಕಿದರೆ ಸಾಲದೇ? (ಓದುಗರೊಬ್ಬರು, ಶಿರಸಿ)

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ವಿಷಯದ ತಿರುಳು ಅಲ್ಲೇ ಇದೆ.

ಪೆನ್‌ಡ್ರೈವ್‌ಗೆ ಬೀಗ ಹಾಕಬಹುದು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಇದೆ, ಲಿನಕ್ಸ್‌ನಲ್ಲಿ ಲಕ್ಸ್ ಇದೆ, ಎರಡರಲ್ಲೂ ನಡೆಯುವ ವೆರಾಕ್ರಿಪ್ಟ್ ಇದೆ. ಮೂರೂ ಗಟ್ಟಿಯೇ. ಬಸ್ಸಿನಲ್ಲಿ ಕಳೆದುಹೋದರೆ, ಸಿಕ್ಕಿದವರಿಗೆ ಅದರಲ್ಲಿ ಕಾಣುವುದು ಅರ್ಥವಿಲ್ಲದ ಬೈಟುಗಳು ಮಾತ್ರ. ಆದರೆ ನೀವು ಅದನ್ನು ತೆರೆಯುವುದು ಎಲ್ಲಿ? ಪೆನ್‌ಡ್ರೈವ್‌ಗೆ ಪರದೆ ಇಲ್ಲ, ಕೀಲಿಮಣೆ ಇಲ್ಲ. ಯಾವ ಕಂಪ್ಯೂಟರಿಗೆ ಚುಚ್ಚುತ್ತೀರೋ ಅಲ್ಲೇ ಪಾಸ್‌ವರ್ಡ್ ಒತ್ತಬೇಕು. ಸ್ವಂತ ಲ್ಯಾಪ್‌ಟಾಪ್ ಆದರೆ ಸರಿ. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಆದರೆ? ಅದರೊಳಗೆ ಏನೇನು ಸೇರಿಕೊಂಡಿದೆ ಅಂತ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಒತ್ತಿದ ಕೀಲಿಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಕಳ್ಳ ಸಾಫ್ಟ್‌ವೇರ್ ಒಂದಿದ್ದರೆ ಸಾಕು, ಪಾಸ್‌ವರ್ಡ್ ಹೋಯಿತು. ವೆರಾಕ್ರಿಪ್ಟ್‌ಗಂತೂ ಆ ಕಂಪ್ಯೂಟರಿನ ಅಡ್ಮಿನ್ ಅನುಮತಿಯೂ ಬೇಕು. ಬೇರೆಯವರ ಅಂಗಡಿಯಲ್ಲಿ ಅದನ್ನು ಕೇಳಲು ಆಗುತ್ತದೆಯೇ?

ಫೋನಿಗೆ ತನ್ನದೇ ಪರದೆ ಇದೆ, ಕೀಲಿಮಣೆ ಇದೆ, ಬೀಗ ತೆರೆಯುವ ಲೆಕ್ಕ ಮಾಡಲು ಪ್ರೊಸೆಸರ್ ಇದೆ. ಪಾಸ್‌ವರ್ಡನ್ನು ಫೋನಿನಲ್ಲೇ ಒತ್ತುತ್ತೀರಿ. ಬೀಗ ಬಿಚ್ಚಿಕೊಳ್ಳುವುದೂ ಫೋನಿನೊಳಗೇ. ಕೇಬಲ್‌ನ ಆಚೆ ಇರುವ ಕಂಪ್ಯೂಟರಿಗೆ ಕಾಣುವುದು ನೀವು ತೋರಿಸಿದ ಡ್ರೈವ್ ಮಾತ್ರ. ಅದಕ್ಕೆ ಬೀಗ ಇತ್ತು ಅನ್ನುವುದೂ ಆ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅಲ್ಲಿ ಯಾವ ಸಾಫ್ಟ್‌ವೇರನ್ನೂ ಹಾಕಬೇಕಿಲ್ಲ. ಹಳೇ ಫೋನನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಿ ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುವುದು ಈ ಒಂದೇ ಕಾರಣಕ್ಕೆ. ನನ್ನ ಬ್ಯಾಗಿನಲ್ಲಿ ಹಳೆಯ ಒನ್‌ಪ್ಲಸ್ 6 ಇರುತ್ತದೆ. ಅದರಲ್ಲಿ ಸಿಮ್ ಇಲ್ಲ. ಅಮ್ಮನ ಆಸ್ಪತ್ರೆ ಕಾಗದಗಳು, ಜಮೀನಿನ ಪಹಣಿ, ಊರಿನಲ್ಲಿ ರೆಕಾರ್ಡ್ ಮಾಡಿದ ಸೋಬಾನೆ ಪದಗಳು ಇವೆ.

ಈಗ ನಿಮ್ಮ ಪೋಕೋ ವಿಚಾರ. 2018ರಲ್ಲಿ ಬಂದ ಫೋನು. ಅದರ ಸ್ನಾಪ್‌ಡ್ರ್ಯಾಗನ್ 845 ಚಿಪ್‌ಗೆ ಲಿನಕ್ಸ್ ಬೆಂಬಲ ಚೆನ್ನಾಗಿದೆ. ಹಾಕಬೇಕಾದದ್ದು ಪೋಸ್ಟ್‌ಮಾರ್ಕೆಟ್‌ಓಎಸ್. ಕಂಪನಿಗಳು ಕೈಬಿಟ್ಟ ಫೋನುಗಳನ್ನು ಹತ್ತು ವರ್ಷ ಬಾಳಿಸಬೇಕು ಅಂತ 2017ರಲ್ಲಿ ಶುರುವಾದ ಯೋಜನೆ ಅದು. ಆಲ್ಪೈನ್ ಲಿನಕ್ಸ್ ಮೇಲೆ ಕಟ್ಟಿದ್ದಾರೆ. ಮಗನಿಗೆ ಎರಡು ಎಚ್ಚರಿಕೆ ಹೇಳಿ. ಒಂದು, ಬೂಟ್‌ಲೋಡರ್ (ಫೋನು ಆನ್ ಆದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಅನ್‌ಲಾಕ್ ಮಾಡಿದ ಕೂಡಲೇ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹಳೆಯ ಫೋಟೋಗಳಿದ್ದರೆ ಮೊದಲೇ ತೆಗೆದಿಡಿ. ಎರಡು, ಪೋಕೋ ಎಫ್1ಗೆ ಎರಡು ಬಗೆಯ ಪರದೆ ಬಂದಿವೆ. ಒಂದು ಟಿಯಾನ್ಮಾ, ಇನ್ನೊಂದು ಇಬಿಬಿಜಿ. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಬೇಕು. ತಪ್ಪು ಮಾದರಿ ಆರಿಸಿದರೆ ಪರದೆ ಕಪ್ಪಾಗಿಯೇ ಇರುತ್ತದೆ, ಫೋನು ಕೆಟ್ಟಿತು ಅಂತ ಜನ ಹೆದರುತ್ತಾರೆ. ಕ್ಯಾಮೆರಾ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಈ ಕೆಲಸಕ್ಕೆ ಅದು ಬೇಡವೂ ಬೇಡ.

ಹಾಕುವಾಗಲೇ ಇಡೀ ಸಂಗ್ರಹವನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಬೀಗ ಹಾಕುವ ಆಯ್ಕೆ ಇರುತ್ತದೆ. ಅದನ್ನು ಆರಿಸಿಕೊಳ್ಳಿ. ಆಮೇಲೆ ಫೋನು ಆನ್ ಆಗುವಾಗಲೇ ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ಈ ಬೀಗ ಕಾಯುವುದು ಫೋನು ಆಫ್ ಆಗಿದ್ದಾಗ ಮಾತ್ರ. ಆನ್ ಆಗಿರುವಷ್ಟು ಹೊತ್ತೂ ಕೀಲಿ ರ‍್ಯಾಮ್‌ನಲ್ಲಿ ಇರುತ್ತದೆ. ಆಗ ಉಳಿಯುವುದು ಪರದೆಯ ಪಿನ್ ಒಂದೇ. ಅದಕ್ಕೇ ನಿಮ್ಮಂಥ ಕೆಲಸಕ್ಕೆ ಒಳಗೆ ಇನ್ನೊಂದು ಪದರ ಬೇಕು.

ನಾನು ಮಾಡುವುದು ಹೀಗೆ. ಫೋನಿನೊಳಗೆ ಎರಡು ಇಮೇಜ್ ಕಡತಗಳನ್ನು (ಫೋಟೋ ಅಲ್ಲ, ಇಡೀ ಡ್ರೈವ್‌ನಂತೆ ವರ್ತಿಸುವ ಕಡತ) ಮಾಡಿಕೊಳ್ಳುತ್ತೇನೆ. ಪೆಟ್ಟಿಗೆ ಅಂತ ಕರೆಯೋಣ. ದೊಡ್ಡ ಪೆಟ್ಟಿಗೆ ರೆಕಾರ್ಡಿಂಗ್‌ಗಳಿಗೆ. ಅದಕ್ಕೆ ಪ್ರತ್ಯೇಕ ಲಕ್ಸ್ ಬೀಗ, ಬೇರೆಯೇ ಪಾಸ್‌ವರ್ಡ್. ಬೇಕಾದಾಗ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚುವುದು. ಚಿಕ್ಕ ಪೆಟ್ಟಿಗೆ 100 ಎಂಬಿಯದು, ಜೆರಾಕ್ಸ್ ಅಂಗಡಿಗೆಂದೇ. ಅವತ್ತು ಪ್ರಿಂಟ್ ಆಗಬೇಕಾದ ಪಿಡಿಎಫ್ ಬಿಟ್ಟು ಅದರಲ್ಲಿ ಬೇರೇನೂ ಇರುವುದಿಲ್ಲ. (ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದಾದರೆ ಪಿಡಿಎಫ್ ಮಾಡಿಯೇ ಒಯ್ಯಿರಿ. ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಅಕ್ಷರಗಳೆಲ್ಲ ಕಲಸಿಹೋಗುತ್ತವೆ.)

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಯುಎಸ್‌ಬಿ ಗ್ಯಾಜೆಟ್ ಅಂತ ಒಂದು ಭಾಗ ಇದೆ. ಫೋನು ಕಂಪ್ಯೂಟರಿನ ಎದುರು ಯಾವ ಸಾಧನವಾಗಿ ಕಾಣಿಸಬೇಕು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಪೋಸ್ಟ್‌ಮಾರ್ಕೆಟ್‌ಓಎಸ್‌ನಲ್ಲಿ ಫೋನು ತಾನಾಗಿಯೇ ನೆಟ್‌ವರ್ಕ್ ಕಾರ್ಡಿನಂತೆ ಕಾಣಿಸುತ್ತದೆ. ಅದನ್ನು ಮಾಸ್ ಸ್ಟೋರೇಜ್‌ಗೆ ಬದಲಾಯಿಸಿ, ಯಾವ ಪೆಟ್ಟಿಗೆ ಕಾಣಬೇಕು ಅಂತ ಹೇಳಿದರೆ ಆಯಿತು. ಕಂಪ್ಯೂಟರಿಗೆ ಅದು ಸಾಮಾನ್ಯ ಪೆನ್‌ಡ್ರೈವ್. ಅಲ್ಲೇ ಓದಲು ಮಾತ್ರ ಅನ್ನುವ ಆಯ್ಕೆಯೂ ಇದೆ. ಆರ್‌ಓ ಅನ್ನುವ ಸಾಲಿನಲ್ಲಿ 1 ಅಂತ ಬರೆದರೆ ಕಂಪ್ಯೂಟರ್ ಆ ಪೆಟ್ಟಿಗೆಗೆ ಒಂದು ಬೈಟನ್ನೂ ಬರೆಯಲಾರದು. ಅಂಗಡಿಯ ಕಂಪ್ಯೂಟರಿನಲ್ಲಿ ಎಂಥ ವೈರಸ್ ಇದ್ದರೂ ಅದಕ್ಕೆ ಕಾಲಿಡಲು ಜಾಗವೇ ಇಲ್ಲ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ಆ ಹಳೇ ಕಾಟ ಇಲ್ಲಿಗೆ ಮುಗಿಯುತ್ತದೆ. ಇಂಥ ಕೆಲಸಕ್ಕೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಪರದೆಯ ಮೇಲೆ ಎರಡು ಗುಂಡಿ ಮಾಡಿಕೊಡಲು ಮಗನಿಗೆ ಹೇಳಿ. ಒಂದು ಅಂಗಡಿಗೆ, ಒಂದು ಮನೆಗೆ.

ಒಂದು ಅಪಾಯ ಇದೆ. ಪೆಟ್ಟಿಗೆ ಫೋನಿನಲ್ಲಿ ತೆರೆದು ಬಳಕೆಯಲ್ಲಿರುವಾಗಲೇ ಕಂಪ್ಯೂಟರಿಗೂ ತೋರಿಸಬೇಡಿ. ಇಬ್ಬರೂ ಒಂದೇ ಹೊತ್ತಿಗೆ ಬರೆಯಲು ಹೋದರೆ ಒಳಗಿನ ಕಡತಗಳು ಹಾಳಾಗುತ್ತವೆ. ಮೊದಲು ಫೋನಿನಲ್ಲಿ ಅನ್‌ಮೌಂಟ್ ಮಾಡಬೇಕು, ಅಂದರೆ ಫೋನು ಅದನ್ನು ಬಳಸದಂತೆ ಬಿಡಿಸಬೇಕು, ಆಮೇಲೆ ತೋರಿಸಬೇಕು. ಆಂಡ್ರಾಯ್ಡ್ ಕೂಡ ಬಹಳ ಹಿಂದೆ ಹೀಗೇ ಡ್ರೈವ್ ಆಗಿ ಕಾಣುತ್ತಿತ್ತು. ಈ ತೊಡಕಿನಿಂದಲೇ ಅದು ಎಂಟಿಪಿ ಅನ್ನುವ ಬೇರೆ ದಾರಿ ಹಿಡಿಯಿತು. ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಈ ಗೋಜು ಬೇಡ. ನೆಟ್‌ವರ್ಕ್ ಕಾರ್ಡಿನ ರೂಪದಲ್ಲೇ ಬಿಟ್ಟು, 172.16.42.1 ಅನ್ನುವ ವಿಳಾಸಕ್ಕೆ ಎಸ್‌ಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಕಡತಗಳನ್ನು ಭದ್ರವಾಗಿ ಸಾಗಿಸುವ ವಿಧಾನ) ಮೂಲಕ ಹೋದರೆ ಕಡತಗಳನ್ನು ನೆಮ್ಮದಿಯಾಗಿ ಎಳೆದುಕೊಳ್ಳಬಹುದು.

ಜಾಗ ಎಷ್ಟು ಬೇಕು? 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 1 ಜಿಬಿ. 64 ಜಿಬಿಯ ಪೋಕೋದಲ್ಲಿ 40 ಗಂಟೆಗೂ ಜಾಸ್ತಿ ಹಿಡಿಯುತ್ತದೆ. ದೊಡ್ಡ ಪೆಟ್ಟಿಗೆಯನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಕೂರುವುದಿಲ್ಲ. ವೇಗದ ಬಗ್ಗೆ ಜಾಸ್ತಿ ನಿರೀಕ್ಷೆ ಬೇಡ. ಈ ಫೋನಿನದು ಯುಎಸ್‌ಬಿ 2.0. ಸೆಕೆಂಡಿಗೆ 30ರಿಂದ 40 ಎಂಬಿ ಸಾಗುತ್ತದೆ. ಎನ್‌ಕ್ರಿಪ್ಟ್ ಮಾಡುವುದರಿಂದ ನಿಧಾನ ಆಗುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಆ ಚಿಪ್‌ನಲ್ಲಿ ಅದಕ್ಕೆಂದೇ ಸೂಚನೆಗಳಿವೆ, ಇಲ್ಲಿ ಎಳೆದಾಡುವುದು ಕೇಬಲ್ಲೇ.

ಇದು ಏನನ್ನು ಕಾಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ನೀವು ಪೆಟ್ಟಿಗೆ ತೆರೆದು ತೋರಿಸಿದಷ್ಟು ಹೊತ್ತು ಆ ಕಂಪ್ಯೂಟರ್ ಅದರಲ್ಲಿರುವುದನ್ನೆಲ್ಲ ಓದಬಹುದು, ನಕಲು ಮಾಡಿಕೊಳ್ಳಬಹುದು. ರೆಕಾರ್ಡಿಂಗ್‌ಗಳ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಎಂದೂ ತೆರೆಯಬೇಡಿ. ಇನ್ನು, ಬೂಟ್‌ಲೋಡರ್ ತೆರೆದಿರುವ ಫೋನಿನಲ್ಲಿ ಬೂಟ್ ಭಾಗಕ್ಕೆ ಬೀಗ ಇರುವುದಿಲ್ಲ. ತಿಳಿದವರು ಫೋನನ್ನು ಕೈಗೆ ತೆಗೆದುಕೊಂಡು, ಅದನ್ನು ತಿದ್ದಿ, ನಿಮಗೆ ಗೊತ್ತಾಗದಂತೆ ಹಿಂದಿಟ್ಟರೆ ಮುಂದಿನ ಸಲ ಒತ್ತುವ ಪಾಸ್‌ವರ್ಡ್ ಅವರ ಪಾಲಾಗಬಹುದು. ಬಸ್ಸಿನಲ್ಲಿ ಕಳೆಯುವ ಭಯಕ್ಕೆ ಇದು ಲೆಕ್ಕಕ್ಕಿಲ್ಲ. ನಿಮ್ಮನ್ನೇ ಗುರಿ ಮಾಡಿಕೊಂಡವರಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಗೆ ಆ ಹಳೇ ಪೆನ್‌ಡ್ರೈವ್. ಕಡತಗಳನ್ನು ಡಿಲೀಟ್ ಮಾಡಿ ಬೇರೆಯವರಿಗೆ ಕೊಡಬೇಡಿ. ಡಿಲೀಟ್ ಮಾಡಿದ್ದು ಹೋಗಿರುವುದಿಲ್ಲ, ಹೆಸರಷ್ಟೇ ಹೋಗಿರುತ್ತದೆ. ಫ್ಲ್ಯಾಶ್ ಮೆಮೊರಿ ಸಮನಾಗಿ ಸವೆಯಲಿ ಅಂತ ಒಳಗಿನ ಚಿಪ್ ಬರೆಯುವ ಜಾಗವನ್ನು ಬದಲಾಯಿಸುತ್ತಲೇ ಇರುತ್ತದೆ. ಹಾಗಾಗಿ ಮೇಲೆ ಬೇರೇನೋ ಬರೆದರೂ ಹಳೆಯ ತುಣುಕುಗಳು ಮೂಲೆಯಲ್ಲಿ ಉಳಿದಿರಬಹುದು. ಆ ಹೆಂಗಸರ ಮಾತು ಅದರಲ್ಲಿ ಇತ್ತು ಅಲ್ವಾ? ಕೆಲವು ನೂರು ರೂಪಾಯಿಯ ವಸ್ತು. ಬಿಚ್ಚಿ, ಒಳಗಿನ ಚಿಪ್ಪನ್ನು ಸುತ್ತಿಗೆಯಿಂದ ಪುಡಿ ಮಾಡಿ.

ಪ್ರಶ್ನೆ: ಲಿನಕ್ಸ್ ಹಾಕುವ ಧೈರ್ಯ ನನಗಿಲ್ಲ. ನನ್ನದು ಸಾಮಾನ್ಯ ಆಂಡ್ರಾಯ್ಡ್ 12 ಫೋನು. ಅದರಲ್ಲಿ ಮೈಕ್ರೊಎಸ್‌ಡಿ ಕಾರ್ಡ್ ಇದೆ. ಅಂಕಪಟ್ಟಿ, ಆಧಾರ್, ಅಪ್ಪನ ಆಸ್ತಿ ಪತ್ರ ಎಲ್ಲ ಸ್ಕ್ಯಾನ್ ಮಾಡಿ ಕಾರ್ಡ್‌ಗೆ ಹಾಕಿದ್ದೇನೆ. ಫೋನಿಗೆ ಬೆರಳಚ್ಚು ಲಾಕ್ ಇದೆ. ಸಾಕಲ್ಲವೇ? (ವಿದ್ಯಾರ್ಥಿ, ಮೈಸೂರು)

ಉತ್ತರ: ಸಾಲದು. ಇದನ್ನು ಇವತ್ತೇ ಸರಿ ಮಾಡಿ.

ಫೋನಿನ ಒಳಗಿನ ಸಂಗ್ರಹಕ್ಕೆ ಬೀಗ ಇದೆ. ಆಂಡ್ರಾಯ್ಡ್ 10ರಿಂದ ಈಚೆಗೆ ಬಂದ ಹೊಸ ಫೋನುಗಳಲ್ಲಿ ಒಳಗಿನ ಕಡತಗಳೆಲ್ಲ ಎನ್‌ಕ್ರಿಪ್ಟ್ ಆಗಿಯೇ ಇರುತ್ತವೆ. ಆದರೆ ಕಾರ್ಡ್ ಕಥೆ ಬೇರೆ. ಪೋರ್ಟಬಲ್ ಸ್ಟೋರೇಜ್ ಅಂತ ಹಾಕಿಕೊಂಡ ಕಾರ್ಡ್‌ಗೆ ಆ ಬೀಗ ಅನ್ವಯಿಸುವುದಿಲ್ಲ. ಕಳ್ಳನಿಗೆ ನಿಮ್ಮ ಬೆರಳೂ ಬೇಡ, ಪಿನ್ನೂ ಬೇಡ. ಒಂದು ಸೂಜಿಯಿಂದ ಟ್ರೇ ಹೊರಗೆಳೆದು ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿದರೆ ಎಲ್ಲವೂ ತೆರೆದೇ ಇದೆ. ಆಂಡ್ರಾಯ್ಡ್ 6ರಿಂದ ಕಾರ್ಡನ್ನು ಫೋನಿನ ಒಳಸಂಗ್ರಹದ ಭಾಗವಾಗಿ ಸೇರಿಸಿಕೊಳ್ಳುವ ಆಯ್ಕೆ ಬಂದಿದೆ. ಹಾಗೆ ಸೇರಿಸಿದರೆ ಅದೂ ಎನ್‌ಕ್ರಿಪ್ಟ್ ಆಗುತ್ತದೆ. ಎಲ್ಲ ಫೋನಿನಲ್ಲೂ ಆ ಆಯ್ಕೆ ಇರುವುದಿಲ್ಲ. ಸೇರಿಸಿದ ಕಾರ್ಡನ್ನು ಬೇರೆ ಫೋನಿನಲ್ಲಿ ಓದಲೂ ಆಗುವುದಿಲ್ಲ.

ಕಡತಗಳನ್ನು ಫೋನಿನ ಒಳಗೇ ಇಟ್ಟುಕೊಳ್ಳಿ. ಕಾರ್ಡ್‌ನಲ್ಲೇ ಇಡಬೇಕಾದರೆ ಕಡತಗಳಿಗೆ ಬೀಗ ಹಾಕುವ ಕ್ರಿಪ್ಟೊಮೇಟರ್ ಬಳಸಿ. ಅದು ಓಪನ್ ಸೋರ್ಸ್. ಆಂಡ್ರಾಯ್ಡ್, ವಿಂಡೋಸ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಕಾರ್ಡ್‌ನಲ್ಲಿ ಮೊದಲೇ ಇದ್ದ ಪತ್ರಗಳ ವಿಚಾರದಲ್ಲಿ ಮೇಲೆ ಪೆನ್‌ಡ್ರೈವ್ ಬಗ್ಗೆ ಹೇಳಿದ್ದೇ ಇಲ್ಲಿಗೂ ಸಲ್ಲುತ್ತದೆ. ದೂರದ ಪ್ರಯಾಣಕ್ಕೆ ಹೊರಟಾಗ, ಫೋನು ಕೈತಪ್ಪುವ ಸಂದರ್ಭ ಇದ್ದಾಗ ಅದನ್ನು ಪೂರ್ತಿ ಆಫ್ ಮಾಡಿ. ಆನ್ ಮಾಡಿ ಮೊದಲ ಸಲ ಪಿನ್ ಒತ್ತುವ ತನಕ ನಿಮ್ಮ ಕಡತಗಳ ಬೀಗ ಬಿಚ್ಚಿಕೊಂಡಿರುವುದಿಲ್ಲ. ಆ ಹೊತ್ತಿನಲ್ಲಿ ಬೆರಳಚ್ಚನ್ನೂ ಅದು ಒಪ್ಪುವುದಿಲ್ಲ. ನಾಲ್ಕಂಕಿಯ ಪಿನ್ ಬೇಡ, ಉದ್ದದ್ದು ಇಡಿ.

ಪ್ರಶ್ನೆ: ಈ ಕೆಲಸಕ್ಕೆ ಪೈನ್‌ಫೋನ್ ಅಥವಾ ಲಿಬ್ರೆಮ್ 5 ತರಿಸಿಕೊಂಡರೆ ಒಳ್ಳೆಯದೇ? ಅವುಗಳಲ್ಲಿ ಮೈಕು, ಕ್ಯಾಮೆರಾ ಕತ್ತರಿಸುವ ಸ್ವಿಚ್ ಇದೆಯಂತೆ. ಮಾಹಿತಿ ಜಾಸ್ತಿ ಭದ್ರ ಅಲ್ವಾ? (ಓದುಗರೊಬ್ಬರು, ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್)

ಉತ್ತರ: ಆ ಎರಡೂ ಫೋನುಗಳ ಮೇಲೆ ನನಗೆ ಪ್ರೀತಿ ಇದೆ. ಲಿನಕ್ಸ್ ನಡೆಸಲೆಂದೇ ಮಾಡಿದವು. ಪೈನ್‌ಫೋನ್‌ನ ಹಿಂಬದಿ ಮುಚ್ಚಳ ತೆಗೆದರೆ ಆರು ಪುಟ್ಟ ಸ್ವಿಚ್‌ಗಳು ಕಾಣುತ್ತವೆ. ಮೋಡೆಮ್, ವೈಫೈ, ಮೈಕು, ಎರಡು ಕ್ಯಾಮೆರಾ, ಹೆಡ್‌ಫೋನ್. ಲಿಬ್ರೆಮ್ 5ರಲ್ಲಿ ಮೂರು ಸ್ವಿಚ್ ಪಕ್ಕದಲ್ಲೇ ಇವೆ. ಬ್ಯಾಟರಿಯನ್ನು ಕೈಯಿಂದಲೇ ತೆಗೆಯಬಹುದು.

ಆದರೆ ಆ ಸ್ವಿಚ್‌ಗಳು ಕಾಯುವುದು ನಿಮ್ಮ ಮಾತನ್ನು, ಮುಖವನ್ನು, ಇರುವ ಜಾಗವನ್ನು. ಒಳಗಿಟ್ಟ ಕಡತಗಳನ್ನಲ್ಲ. ಪೈನ್‌ಫೋನ್ ಮೊದಲು ಎಸ್‌ಡಿ ಕಾರ್ಡ್‌ನಿಂದಲೇ ಬೂಟ್ ಆಗುತ್ತದೆ. ಜಂಪ್‌ಡ್ರೈವ್ ಅನ್ನುವ ಪುಟ್ಟ ವ್ಯವಸ್ಥೆಯನ್ನು ಕಾರ್ಡಿಗೆ ಹಾಕಿ ಆನ್ ಮಾಡಿದರೆ ಫೋನಿನ ಇಡೀ ಒಳಸಂಗ್ರಹ ಯುಎಸ್‌ಬಿ ಡ್ರೈವ್ ಆಗಿ ಕಂಪ್ಯೂಟರಿನಲ್ಲಿ ಕಾಣುತ್ತದೆ. ವ್ಯವಸ್ಥೆ ಹಾಕಿಕೊಳ್ಳಲು ಇದು ಬಹಳ ಅನುಕೂಲ. ಅದೇ ಅನುಕೂಲ ಫೋನನ್ನು ಕದ್ದವನಿಗೂ ಇದೆ. ಸ್ವಿಚ್ ಆರೂ ಆಫ್ ಇದ್ದರೂ ಅಷ್ಟೇ. ಆದ್ದರಿಂದ ಅಲ್ಲೂ ಲಕ್ಸ್ ಬೇಕೇ ಬೇಕು.

ಇನ್ನೊಂದು ಸಣ್ಣ ವಿಷಯ. ಈಗಿನ ಲಕ್ಸ್ 2 ಪಾಸ್‌ವರ್ಡಿನಿಂದ ಕೀಲಿ ಮಾಡಲು ಆರ್ಗಾನ್2 ವಿಧಾನ ಬಳಸುತ್ತದೆ. ಬೇಕೆಂದೇ ಜಾಸ್ತಿ ಸಮಯ, ಜಾಸ್ತಿ ಮೆಮೊರಿ ತಿನ್ನುವ ವಿಧಾನ ಅದು. ಊಹಿಸಿ ನೋಡುವವನಿಗೆ ಒಂದೊಂದು ಊಹೆಯೂ ದುಬಾರಿ ಆಗಲಿ ಅಂತ. ದೊಡ್ಡ ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಪೆಟ್ಟಿಗೆ ತೆರೆಯಲು 1 ಜಿಬಿ ಮೆಮೊರಿ ಕೇಳಬಹುದು. 2 ಜಿಬಿ ರ‍್ಯಾಮಿನ ಪೈನ್‌ಫೋನ್ ಅಲ್ಲಿ ಒದ್ದಾಡುತ್ತದೆ. ಪೆಟ್ಟಿಗೆಯನ್ನು ಫೋನಿನಲ್ಲೇ ಮಾಡಿ, ತನ್ನ ಶಕ್ತಿಗೆ ತಕ್ಕಂತೆ ಅದೇ ಹೊಂದಿಸಿಕೊಳ್ಳುತ್ತದೆ.

ಬರೀ ಸಂಗ್ರಹಕ್ಕೆ ಅಂತ ಹೊಸ ಫೋನಿಗೆ ದುಡ್ಡು ಹಾಕಬೇಡಿ. ನಿಮ್ಮ ಡ್ರಾಯರಿನಲ್ಲಿ ಹಳೆಯ ಒನ್‌ಪ್ಲಸ್ 6 ಅಥವಾ ಫೇರ್‌ಫೋನ್ 4 ಇದ್ದರೆ ಅದೇ ಸಾಕು. ಎರಡಕ್ಕೂ ಪೋಸ್ಟ್‌ಮಾರ್ಕೆಟ್‌ಓಎಸ್ ಇದೆ.

ಪ್ರಶ್ನೆ: ಪಾಸ್‌ವರ್ಡ್ ಮರೆತರೆ ಏನು ಗತಿ? ಕನ್ನಡದಲ್ಲಿ ಪಾಸ್‌ವರ್ಡ್ ಇಡಬಹುದೇ? (ನಿವೃತ್ತ ಶಿಕ್ಷಕಿ, ಧಾರವಾಡ)

ಉತ್ತರ: ಮರೆತರೆ ತೆರೆಯುವ ದಾರಿ ಇಲ್ಲ. ಯಾರಿಗೂ ಇಲ್ಲ. ಹಾಗೆ ಇದ್ದರೆ ಮಾತ್ರ ಅದು ಬೀಗ.

ಆದರೆ ಲಕ್ಸ್‌ನಲ್ಲಿ ಒಂದೇ ಪೆಟ್ಟಿಗೆಗೆ ಹಲವು ಪಾಸ್‌ವರ್ಡ್ ಇಡಬಹುದು. ಹಳೆಯ ಲಕ್ಸ್‌ನಲ್ಲಿ 8, ಹೊಸದರಲ್ಲಿ 32ರವರೆಗೆ. ನಿಮ್ಮದೊಂದು ಇಡಿ. ಮಗಳಿಗೋ ಗಂಡನಿಗೋ ಇನ್ನೊಂದು ಇಡಿ. ಯಾವುದನ್ನು ಬೇಕಾದರೂ ಆಮೇಲೆ ತೆಗೆದುಹಾಕಬಹುದು, ಉಳಿದವು ಕೆಲಸ ಮಾಡುತ್ತವೆ. ಪೆಟ್ಟಿಗೆಯ ತಲೆಭಾಗದಲ್ಲಿ ಹೆಡರ್ ಇರುತ್ತದೆ. ಸಾಮಾನ್ಯವಾಗಿ 16 ಎಂಬಿ. ಅದು ಕೆಟ್ಟರೆ ಸರಿಯಾದ ಪಾಸ್‌ವರ್ಡ್ ಗೊತ್ತಿದ್ದರೂ ತೆರೆಯಲಾಗದು. ಲಕ್ಸ್ ಬೀಗ ಹಾಕಲು, ತೆರೆಯಲು ಬಳಸುವ ಕ್ರಿಪ್ಟ್‌ಸೆಟಪ್ ಸಾಫ್ಟ್‌ವೇರ್‌ನಲ್ಲಿ ಅದರ ಬ್ಯಾಕಪ್ ತೆಗೆಯುವ ಆಜ್ಞೆ ಇದೆ. ತೆಗೆದು ಬೇರೆ ಕಡೆ ಇಡಿ. ಒಳಗಿರುವ ಕಡತಗಳ ಇನ್ನೊಂದು ಪ್ರತಿ, ಅದೂ ಎನ್‌ಕ್ರಿಪ್ಟ್ ಆದದ್ದು, ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ ಇರಲೇಬೇಕು. ಒಂದೇ ಫೋನಿನಲ್ಲಿ ಇರುವುದು ಇದ್ದಂತಲ್ಲ.

ಫೋನು ಆನ್ ಆಗುವಾಗ ಬರುವ ಕೀಲಿಮಣೆಯಲ್ಲಿ ಕನ್ನಡ ಅಕ್ಷರ ಇಲ್ಲ. ಆದರೆ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬಹುದು, ಅದು ಒಳ್ಳೆಯ ಉಪಾಯವೇ. ಗಾದೆ ಬೇಡ. ವಚನದ ಸಾಲು ಬೇಡ, ದಾಸರ ಪದ ಬೇಡ. ನಿಮಗೆ ಬಾಯಿಪಾಠ ಇರುವುದು ಇನ್ನೂ ಲಕ್ಷಾಂತರ ಜನರಿಗೆ ಬಾಯಿಪಾಠ. ದಪ್ಪ ನಿಘಂಟನ್ನು ಕಣ್ಣುಮುಚ್ಚಿ ಬೇರೆ ಬೇರೆ ಪುಟದಲ್ಲಿ ತೆರೆದು ಆರು ಪದ ಆರಿಸಿ. ದಾಳ ಎಸೆದು ಪುಟ ಆರಿಸಿದರೆ ಇನ್ನೂ ಮೇಲು. ಒಂದಕ್ಕೊಂದು ಸಂಬಂಧ ಇರಬಾರದು. ಚೆನ್ನಾಗಿಲ್ಲ ಅಂತ ಪದ ಬದಲಾಯಿಸಲೂ ಬಾರದು, ನಮಗೆ ಇಷ್ಟವಾಗುವ ಪದಗಳನ್ನು ಬೇರೆಯವರೂ ಊಹಿಸಬಲ್ಲರು. ಆಮೇಲೆ ಸ್ಪೆಲ್ಲಿಂಗ್ ಒಂದೇ ರೀತಿ ಗಟ್ಟಿ ಮಾಡಿಕೊಳ್ಳಿ. ದೀರ್ಘಕ್ಕೆ ಎರಡು ಎ ಹಾಕುತ್ತೀರೋ ಒಂದೋ, ಮೊದಲೇ ತೀರ್ಮಾನ ಆಗಬೇಕು. ಕಂಠಪಾಠ ಆಗುವ ತನಕ ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿ ಇಡಿ. ಫೋನಿನ ಕವರ್ ಒಳಗೆ ಮಾತ್ರ ಬೇಡ.

ಪ್ರಶ್ನೆ: ಹೀಗೆಲ್ಲ ಬೀಗ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧವೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಅಲ್ಲ. ನಿಮ್ಮ ಕಡತಗಳನ್ನು ಎನ್‌ಕ್ರಿಪ್ಟ್ ಮಾಡಿಕೊಳ್ಳುವುದು ಅಪರಾಧವಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 69ನೇ ಕಲಮು ಗೊತ್ತಿರಲಿ. ದೇಶದ ಭದ್ರತೆ, ಅಪರಾಧದ ತನಿಖೆ ಮುಂತಾದ ಕಾರಣಗಳಿಗೆ ಸರ್ಕಾರ ಅಧಿಕಾರ ಕೊಟ್ಟ ಸಂಸ್ಥೆ ಬೀಗ ತೆರೆಯಲು ನೆರವು ಕೇಳಬಹುದು. ನಿರಾಕರಿಸಿದರೆ 7 ವರ್ಷದವರೆಗೆ ಸೆರೆವಾಸ ಮತ್ತು ದಂಡ. ನಿಮ್ಮ ವೃತ್ತಿಯಲ್ಲಿ ಬೇರೆಯವರ ಗುಟ್ಟು ಕಾಯುವ ಹೊಣೆ ಇದ್ದರೆ ವಕೀಲರೊಬ್ಬರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಹೀಗೆ ಮಾಡಿದ ಫೋನನ್ನು ವರ್ಷಗಟ್ಟಲೆ ಬೀರುವಿನಲ್ಲಿ ಇಡಬಹುದೇ? ಬ್ಯಾಟರಿ ಕೆಟ್ಟು ರಿಪೇರಿಗೆ ಕೊಡಬೇಕಾಗಿ ಬಂದರೆ? (ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ವರ್ಷಗಟ್ಟಲೆ ಮರೆತು ಇಡಬೇಡಿ. ಕರೆಂಟೇ ಕಾಣದ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದದ್ದು ನಿಧಾನಕ್ಕೆ ಮಾಸುತ್ತದೆ. ಲಿಥಿಯಂ ಬ್ಯಾಟರಿ ಪೂರ್ತಿ ಖಾಲಿಯಾಗಿ ಕೂತರೂ ಹಾಳು, ಪೂರ್ತಿ ತುಂಬಿ ಕೂತರೂ ಬೇಗ ಸವೆಯುತ್ತದೆ. ಅರ್ಧ ಚಾರ್ಜ್ ಮಾಡಿ ಆಫ್ ಮಾಡಿ ಇಡಿ. ಕೆಲವು ತಿಂಗಳಿಗೊಮ್ಮೆ ತೆಗೆದು, ಪಾಸ್‌ವರ್ಡ್ ಒತ್ತಿ, ಒಂದೆರಡು ಕಡತ ತೆರೆದು ನೋಡಿ. ಪಾಸ್‌ವರ್ಡೂ ನೆನಪಿನಲ್ಲಿ ಉಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ಒಳ್ಳೆಯದು. ಹಿಂಬದಿ ಉಬ್ಬಿದಂತೆ ಕಂಡರೆ ಚಾರ್ಜಿಗೆ ಹಾಕಲೇಬೇಡಿ, ಒತ್ತಿ ನೋಡಬೇಡಿ, ನೇರ ರಿಪೇರಿ ಅಂಗಡಿಗೆ ಒಯ್ಯಿರಿ.

ಅಂಗಡಿಗೆ ಕೊಡಲು ಹೆದರಬೇಕಾಗಿಲ್ಲ. ಆಫ್ ಮಾಡಿ ಕೊಡಿ. ಕಾರ್ಡ್ ಇದ್ದರೆ ತೆಗೆದುಕೊಳ್ಳಿ. ಪಾಸ್‌ವರ್ಡ್ ಬರೆದುಕೊಡಿ ಅಂತ ಕೇಳುವುದು ಅಂಗಡಿಗಳಲ್ಲಿ ರೂಢಿ. ಬ್ಯಾಟರಿ ಬದಲಿಸಲು ಅದು ಬೇಕಿಲ್ಲ, ಕೊಡಬೇಡಿ. ಕೆಲಸ ಮುಗಿದ ಮೇಲೆ ಫೋನು ಆನ್ ಮಾಡಿ ತೋರಿಸಲು ಹೇಳಿ. ಪಾಸ್‌ವರ್ಡ್ ಕೇಳುವ ಪರದೆ ಬಂದು, ಅದರ ಮೇಲಿನ ಕೀಲಿಗಳು ಬೆರಳಿಗೆ ಸ್ಪಂದಿಸಿದರೆ ಬ್ಯಾಟರಿ, ಪರದೆ, ಟಚ್ ಎಲ್ಲ ಸರಿ ಇದೆ ಅಂತ ಅಲ್ಲೇ ಗೊತ್ತಾಗುತ್ತದೆ. ಅಲ್ಲಿಂದ ಮುಂದಿನದನ್ನು ಮನೆಗೆ ಬಂದು ತೆರೆಯಿರಿ.